‘ಪಚನ’ವೂ ‘ಅರಗು’ವಿಕೆಯೂ

ರಾಮಥಾಳ ಮೊದಲಾದ ಹುನಗುಂದ ಸೀಮೆಯ ಊರುಗಳಲ್ಲಿ ಉಂಡ ಜೋಳದ ರೊಟ್ಟಿಯು ‘ಅರಗಿತು’, ‘ಕರಗಿತು’ ಎಂದು ಕನ್ನಡವು ನುಡಿಯುವುದು. ಆಯುರ್ವೇದವು ಅದನ್ನೇ ಜಠರಾಗ್ನಿಯ ‘ಪಚನ’ವೆನ್ನುವುದು. ಒಂದು ನೀರಿನ ಮಾತು, ಮತ್ತೊಂದು ಬೆಂಕಿಯದು. ದೇಹದ ನಿಜಕ್ಕೆ ಯಾವುದು ಹತ್ತಿರ?

ರೊಟ್ಟಿಯ ಪಿಷ್ಟವನ್ನು ಲಾಲಾರಸವು ಬಾಯಲ್ಲಿಯೇ ಒಡೆಯತೊಡಗುವುದು. ಬಹುಹೊತ್ತು ಅಗಿದ ತುತ್ತು ಸಿಹಿಯೆನಿಸುವುದು ಇದರಿಂದಲೇ. ಜಠರದ ಆಮ್ಲರಸವು ಸಸಾರಜನಕವನ್ನು ತುಂಡರಿಸುವುದು. ಜೋಳವನ್ನು ನೀರಿನಲ್ಲಿ ಬೇಯಿಸಿದಾಗ ಅದರ ಸಸಾರಜನಕವು ಬಿಗಿದುಕೊಂಡು ಅರಗುವುದು ಕಷ್ಟವಾಗುವುದೆಂಬುದು ವಿಚಿತ್ರವೇ ಸರಿ: ಇಲ್ಲಿ ಒಲೆಯ ಬೆಂಕಿಯೇ ಹೊಟ್ಟೆಗೆ ಅಡ್ಡಿ! ಮುಖ್ಯ ಕಾರ್ಯವೆಲ್ಲ ಸಣ್ಣ ಕರುಳಿನದು. ಮೇದೋಜೀರಕಾಂಗದ ರಸವು ಅಲ್ಲಿ ಪಿಷ್ಟವನ್ನು ಸಕ್ಕರೆಯಾಗುವತ್ತ ಒಯ್ಯುವುದು, ಪಿತ್ತವು ಎಣ್ಣೆಯನ್ನು ಹನಿಹನಿಯಾಗಿ ಚದರಿಸುವುದು, ಕರುಳಿನ ಒಳಮೈಯ ಸೂಕ್ಷ್ಮ ಎಳೆಗಳು ಸಾರವನ್ನು ಹೀರುವುವು.

ಆದುದರಿಂದ ಶಾಲೆಯ ಪಾಠಗಳಲ್ಲಿ ‘ಅರಗು’ ಎಂಬುದೇ ಮುಂದೆ ನಿಲ್ಲತಕ್ಕದ್ದು. ಆದರೂ ಅಗ್ನಿಯ ಮಾತು ಪೂರ್ಣ ಸುಳ್ಳಲ್ಲ. 18ನೆಯ ಶತಮಾನದಲ್ಲಿ ಇಟಲಿಯ ಸ್ಪಲಾಂಜಾನಿಯು ಜಠರರಸದಲ್ಲಿ ಮಾಂಸವು ದೇಹದ ಹೊರಗೂ ಕರಗುವುದೆಂದು ತೋರಿಸಿದಾಗ, ಆ ಗಾಜಿನ ನಳಿಗೆಯನ್ನು ತನ್ನ ಕಂಕುಳಲ್ಲಿಟ್ಟು ಬೆಚ್ಚಗಿರಿಸಿದ್ದನು. ಈ ರಸಗಳು ಚುರುಕಾಗಿರುವುದು ಮೈಯ ಬಿಸುಪಿನಲ್ಲಿ, ಎಂದರೆ ಸುಮಾರು 37 ಡಿಗ್ರಿ ಸೆಂಟಿಗ್ರೇಡಿನಲ್ಲಿ. ತಣಿದರೆ ಮಂದವಾಗುವುವು, ಕುದಿಸಿದರೆ ಕೆಟ್ಟೇ ಹೋಗುವುವು.