ಕಲಿಸುವ ಪದಕೋಶಕ್ಕೆ ಶೋಧಯಂತ್ರದ ಮನ್ನಣೆ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡಿರುವ ರಾಜಗೋಪಾಲನಗರದಲ್ಲಿ ಲೇತ್, ಮಿಲ್ಲಿಂಗ್, ಸಿಎನ್‌ಸಿ ಯಂತ್ರಗಳ ಸಣ್ಣ ಘಟಕಗಳು ಅನೇಕ. ಈ ಕಸುಬಿಗೆ ತನ್ನದೇ ಆದ ಪದಸಂಪತ್ತಿದೆ. ಟಾಲರೆನ್ಸ್, ಜಿಗ್, ಫಿಕ್ಸ್ಚರ್, ಕೇಸ್ ಹಾರ್ಡನಿಂಗ್ ಮುಂತಾದ ಮಾತುಗಳ ಅರ್ಥ ತಿಳಿಯದೆ ಇಲ್ಲಿ ಕೆಲಸ ಸಾಗದು. ಕನ್ನಡ ಮಾಧ್ಯಮದಲ್ಲಿ ಓದಿ ಐಟಿಐ ಮುಗಿಸಿದ ಯುವಕ ಇಂತಹ ಪದದ ಅರ್ಥವನ್ನು ಮೊಬೈಲಿನಲ್ಲಿ ಹುಡುಕುತ್ತಾನೆ. ಬಿಡಿಭಾಗ ಮಾಡಿಸಬೇಕಾದ ಗ್ರಾಹಕನೂ ಆರ್ಡರ್ ನೀಡುವ ಮುನ್ನ ಅದನ್ನೇ ಹುಡುಕುವುದುಂಟು. ಈ ಇಬ್ಬರನ್ನೂ ತನ್ನ ಜಾಲತಾಣಕ್ಕೆ ಬರಮಾಡಿಕೊಳ್ಳಲು ತರಬೇತಿ ಸಂಸ್ಥೆಗಾಗಲಿ, ಸಣ್ಣ ಕಾರ್ಖಾನೆಗಾಗಲಿ ಹೆಚ್ಚು ಖರ್ಚಿಲ್ಲದ ಮಾರ್ಗವೊಂದಿದೆ. ಅದೇ ಪಾರಿಭಾಷಿಕ ಪದಕೋಶದ ಪುಟ.

ಶೋಧಯಂತ್ರ ನೋಡುವುದೇನನ್ನು?

ಗೂಗಲ್‌ನಂತಹ ಶೋಧಯಂತ್ರವು ಕೊಂಡಿಗಳನ್ನು ಹಿಡಿದು ಪುಟದಿಂದ ಪುಟಕ್ಕೆ ಸಾಗಿ, ಅಲ್ಲಿನ ಪಠ್ಯವನ್ನು ತನ್ನ ಸೂಚಿಗೆ ಸೇರಿಸಿಕೊಳ್ಳುತ್ತದೆ. ಯಾರಾದರೂ ಪದವೊಂದನ್ನು ಹುಡುಕಿದಾಗ ಸೂಕ್ತವಾದ ಪುಟಗಳನ್ನು ಆಯ್ದು ಕ್ರಮವಾಗಿ ತೋರಿಸುತ್ತದೆ. ಆ ಕ್ರಮದಲ್ಲಿ ಮೇಲೆ ಬರುವಂತೆ ಜಾಲತಾಣವನ್ನು ಸಜ್ಜುಗೊಳಿಸುವ ಕೆಲಸಕ್ಕೆ ಎಸ್‌ಇಒ ಎಂದು ಹೆಸರು.

ಪದಕೋಶ ಇದಕ್ಕೆ ಮೂರು ಬಗೆಯಲ್ಲಿ ನೆರವಾಗುತ್ತದೆ. ಮೊದಲನೆಯದಾಗಿ, ಜನರು ಕೇಳುವ ಪ್ರಶ್ನೆಗೆ ಅದು ನೇರ ಉತ್ತರ ನೀಡುತ್ತದೆ. ಎರಡನೆಯದಾಗಿ, ಪದದ ವಿವರಣೆಯಿಂದ ಸಂಬಂಧಿಸಿದ ಪಾಠಕ್ಕೆ ಅಥವಾ ಸೇವೆಯ ಪುಟಕ್ಕೆ ಕೊಂಡಿ ನೀಡಿದರೆ ಓದುಗನಿಗೂ ಶೋಧಯಂತ್ರಕ್ಕೂ ದಾರಿ ಸುಲಭವಾಗುತ್ತದೆ. ಮೂರನೆಯದಾಗಿ, ವಿವರಣೆ ಉಪಯುಕ್ತವಾಗಿದ್ದರೆ ಇತರ ಜಾಲತಾಣಗಳು ತಾವಾಗಿಯೇ ಅದಕ್ಕೆ ಕೊಂಡಿ ನೀಡುತ್ತವೆ. ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ 1998ರಲ್ಲಿ ಮಂಡಿಸಿದ ಪೇಜ್‌ರ್ಯಾಂಕ್ ವಿಧಾನವು ಇಂತಹ ಕೊಂಡಿಗಳನ್ನೇ ಪುಟದ ಮಹತ್ವದ ಅಳತೆಗೋಲಾಗಿ ಬಳಸಿತ್ತು.

ಸಂಖ್ಯೆಗೆ ಬೆಲೆಯಿಲ್ಲ

ಬೇರೆ ತಾಣದಿಂದ ನೂರಾರು ಪದಗಳನ್ನು ನಕಲು ಮಾಡಿ, ಒಂದೊಂದಕ್ಕೂ ಎರಡು ಸಾಲಿನ ಪುಟ ತೆರೆಯುವ ತಂತ್ರ ಈಗ ಅಪಾಯಕಾರಿ. ತಿರುಳಿಲ್ಲದ ಪುಟಗಳನ್ನು ಹಿಂದಕ್ಕೆ ತಳ್ಳಲು ಗೂಗಲ್ 2011ರಲ್ಲಿ ‘ಪಾಂಡಾ’ ಎಂಬ ಬದಲಾವಣೆ ತಂದಿತು. 2024ರ ಮಾರ್ಚ್‌ನಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ, ಕೇವಲ ಸ್ಥಾನ ಗಿಟ್ಟಿಸಲು ರಾಶಿರಾಶಿಯಾಗಿ ಸೃಷ್ಟಿಸಿದ ಪುಟಗಳನ್ನು ಮನುಷ್ಯರು ಬರೆದಿರಲಿ, ಯಂತ್ರ ಬರೆದಿರಲಿ, ದುರ್ಬಳಕೆಯೆಂದೇ ಪರಿಗಣಿಸಲಾಗುತ್ತದೆ.

ಇನ್ನೊಂದು ತೊಡಕೂ ಇದೆ. 2024ರ ಆಗಸ್ಟ್‌ನಲ್ಲಿ ಗೂಗಲ್ ಕೃತಕ ಬುದ್ಧಿಮತ್ತೆ ಸಿದ್ಧಪಡಿಸಿದ ಸಾರಾಂಶವನ್ನು ಭಾರತದ ಬಳಕೆದಾರರಿಗೂ ತೋರಿಸಲಾರಂಭಿಸಿತು. ಒಂದೇ ಸಾಲಿನ ಅರ್ಥ ಫಲಿತಾಂಶದ ಪುಟದಲ್ಲೇ ದೊರೆತರೆ ಓದುಗ ಮುಂದೆ ಹೋಗುವ ಅಗತ್ಯವಿಲ್ಲ. ಆದ್ದರಿಂದ ಬೇರೆಡೆ ಸಿಗದ, ಕಸುಬಿನವರಷ್ಟೇ ಹೇಳಬಲ್ಲ ವಿವರವನ್ನು ಪದಕೋಶ ಒದಗಿಸಬೇಕಾಗುತ್ತದೆ.

ವಿವರಣೆ ಹೇಗಿರಬೇಕು?

ಟಾಲರೆನ್ಸ್ ಪದವನ್ನೇ ತೆಗೆದುಕೊಳ್ಳೋಣ. ‘ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸ’ ಎಂದಷ್ಟೇ ಬರೆದರೆ ಅದು ನಿಘಂಟಿನ ಅರ್ಥವಾಯಿತು. ಡ್ರಾಯಿಂಗ್‌ನಲ್ಲಿ 25 ಮಿ.ಮೀ. ರಂಧ್ರಕ್ಕೆ ‘ಎಚ್7’ ಎಂದಿದ್ದರೆ ಐಎಸ್‌ಒ 286 ಮಾನಕದಂತೆ ಅದರ ವ್ಯಾಸ 25.000ರಿಂದ 25.021 ಮಿ.ಮೀ. ನಡುವೆ ಇರಬೇಕು. ಅದರೊಳಗೆ ತಿರುಗುವ ಶಾಫ್ಟಿಗೆ ‘ಜಿ6’ ಎಂದಿದ್ದರೆ 24.980ರಿಂದ 24.993 ಮಿ.ಮೀ. ನಡುವೆ ಇರಬೇಕು. ಹೀಗೆ ಎರಡರ ನಡುವೆ ಕನಿಷ್ಠ 0.007, ಗರಿಷ್ಠ 0.041 ಮಿ.ಮೀ. ಸಂದು ಉಳಿಯುತ್ತದೆ. ಶಾಫ್ಟನ್ನು ಮೈಕ್ರೋಮೀಟರಿನಲ್ಲಿ, ರಂಧ್ರವನ್ನು ಬೋರ್ ಗೇಜಿನಲ್ಲಿ ಅಳೆಯುವ ಚಿತ್ರವನ್ನೂ ಸೇರಿಸಿದರೆ ಪದಕೋಶದ ಪುಟ ಪಾಠವಾಗುತ್ತದೆ. ಓದಿದ ಕಾರ್ಮಿಕನ ಕೈಯಲ್ಲಿ ಒಂದು ಬಿಡಿಭಾಗ ತಿರಸ್ಕೃತವಾಗುವುದೂ ತಪ್ಪಬಹುದು.

ಇಷ್ಟು ವಿಷಯವಿರುವ ಪದಕ್ಕೆ ಪ್ರತ್ಯೇಕ ಪುಟ ಸೂಕ್ತ. ಚಿಕ್ಕ ಪದಗಳನ್ನು ಒಂದೇ ಪುಟದಲ್ಲಿ ಅಕಾರಾದಿಯಾಗಿ ಜೋಡಿಸಿದರೆ ಸಾಕು.

ಕನ್ನಡದ ಅವಕಾಶ

ಇಂಗ್ಲಿಷಿನಲ್ಲಿ ಇಂತಹ ಪುಟಗಳು ಹೇರಳ. ಕನ್ನಡದಲ್ಲಿ ಪೈಪೋಟಿ ಕಡಿಮೆ, ಅಗತ್ಯ ಹೆಚ್ಚು. ರಾಜ್ಯ ಸರ್ಕಾರದ ‘ಪದಕಣಜ’, ವಿ. ಕೃಷ್ಣ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನು ಆಧರಿಸಿ 2019ರಲ್ಲಿ ಆರಂಭವಾದ ‘ಅಲರ್’ ಮುಂತಾದ ತಾಣಗಳು ಪದಾರ್ಥಕ್ಕೆ ನೆರವಾಗುತ್ತವೆ. ಆದರೆ ಅವು ಕಾರ್ಖಾನೆಯ ಪಾಠವನ್ನು ಹೇಳಲಾರವು.

ಇಲ್ಲಿ ಎರಡು ಎಚ್ಚರಿಕೆ ಅಗತ್ಯ. ಟಾಲರೆನ್ಸ್ ಎಂಬುದನ್ನು ‘ಸಹಿಷ್ಣುತೆ’ ಎಂದು ಅನುವಾದಿಸಿ ಶೀರ್ಷಿಕೆ ಕೊಟ್ಟರೆ ಕಾರ್ಮಿಕನ ಹುಡುಕಾಟಕ್ಕೆ ಅದು ಸಿಗುವುದು ಕಷ್ಟ. ಕಾರ್ಯಾಗಾರದಲ್ಲಿ ಆಡುವ ಪದವೇ ಶೀರ್ಷಿಕೆಯಾಗಿರಲಿ, ಕನ್ನಡ ಸಮಾನಪದ ವಿವರಣೆಯಲ್ಲಿ ಬರಲಿ. ಎರಡನೆಯದು ಅಕ್ಷರದ ವಿಚಾರ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧಪಡಿಸಿದ ಪಠ್ಯ ಕಣ್ಣಿಗೆ ಕನ್ನಡವಾಗಿ ಕಂಡರೂ ಗಣಕಯಂತ್ರಕ್ಕೆ ಅದು ರೋಮನ್ ಅಕ್ಷರಗಳ ಗೋಜಲು. ಅದನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಪ್ರಕಟಿಸಿದರೆ ಯಾವ ಶೋಧವೂ ಅದನ್ನು ತಲುಪದು.

ಆರಂಭಕ್ಕೆ ಇಪ್ಪತ್ತು, ಮೂವತ್ತು ಪದಗಳು ಸಾಕು. ಗ್ರಾಹಕರು ದೂರವಾಣಿಯಲ್ಲಿ ಕೇಳುವ, ತರಬೇತಿಗೆ ಬಂದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಂದಲೇ ಅವನ್ನು ಆರಿಸಿಕೊಳ್ಳಬಹುದು. ಯಾವ ಪದ ಹುಡುಕಿದವರು ತಾಣಕ್ಕೆ ಬಂದರು ಎಂಬುದನ್ನು ಗೂಗಲ್‌ನ ಉಚಿತ ಸೇವೆಯಾದ ಸರ್ಚ್ ಕನ್ಸೋಲ್ ತೋರಿಸುತ್ತದೆ. ಕೆಲವು ತಿಂಗಳ ನಂತರ ಆ ಪಟ್ಟಿ ನೋಡಿ, ಓದುಗರು ಅರಸಿ ಬಂದ ಪದಗಳ ವಿವರಣೆಯನ್ನು ಇನ್ನಷ್ಟು ವಿಸ್ತರಿಸುವುದು ಜಾಣತನ.