ತೆಗೆಯಬಹುದಾದ ಅಚ್ಚಿನ ತಿರುಳು

ತೆಗೆಯಬಹುದಾದ ಅಚ್ಚಿನ ತಿರುಳು ಎಂದರೆ ಗಾಜಿನ ನಾರು, ಇಂಗಾಲದ ನಾರು ಮೊದಲಾದವುಗಳನ್ನು ರಾಳದಲ್ಲಿ ನೆನೆಸಿ ಮಾಡುವ ಸಂಯೋಜಿತ ವಸ್ತುವಿನ ಟೊಳ್ಳು ಭಾಗಗಳಿಗೆ ಒಳಗಿನಿಂದ ಆಕಾರ ಕೊಡುವ ತಾತ್ಕಾಲಿಕ ಅಚ್ಚು. ಕಾರ್ಖಾನೆಗಳಲ್ಲಿ ಇದನ್ನು ಕೋರ್ ಎಂದು, ನಾರನ್ನು ಸುತ್ತುವ ಉದ್ದನೆಯ ತಿರುಳನ್ನು ಮ್ಯಾಂಡ್ರಿಲ್ ಎಂದು ಕರೆಯುತ್ತಾರೆ. ರಾಳ ಗಟ್ಟಿಯಾದ ಮೇಲೆ ತಿರುಳನ್ನು ಎಳೆದು, ಬಿಡಿಸಿ, ಕರಗಿಸಿ ಅಥವಾ ಒಡೆದು ಹೊರತೆಗೆಯಲಾಗುತ್ತದೆ. ಎರಡು ಹಾಳೆಗಳ ನಡುವೆ ಶಾಶ್ವತವಾಗಿ ಉಳಿಯುವ ಫೋಮ್ ಅಥವಾ ಜೇನುಗೂಡಿನಂಥ ಹೂರಣಕ್ಕೂ ಕೋರ್ ಎಂಬ ಹೆಸರೇ ಇದೆ. ಅದು ಬೇರೆ ವಿಷಯ.

ಅಗತ್ಯ

ಎಲ್ಲ ಟೊಳ್ಳು ವಸ್ತುಗಳಿಗೂ ಇಂಥ ತಿರುಳು ಬೇಕಾಗುವುದಿಲ್ಲ. ತುಂಗಭದ್ರೆಯಲ್ಲಿ ಬಳಕೆಯಲ್ಲಿರುವ ಹರಿಗೋಲಿನ ಬಾಯಿ ಅಗಲ, ತಳ ಕಿರಿದು. ಅದೇ ಆಕಾರವನ್ನು ಗಾಜಿನ ನಾರಿನಲ್ಲಿ ಮಾಡಿದರೆ ಅಚ್ಚಿನಿಂದ ನೇರವಾಗಿ ಎತ್ತಿಬಿಡಬಹುದು. ಗಡಿಗೆಯ ಆಕಾರ ಹಾಗಲ್ಲ. ಅದರ ಹೊಟ್ಟೆ ದೊಡ್ಡದು, ಕಂಠ ಸಣ್ಣದು. ಒಳಗೆ ಗಟ್ಟಿ ಅಚ್ಚಿಟ್ಟು ಮೇಲೆ ನಾರು ಹೊದಿಸಿದರೆ ಅಚ್ಚು ಕಂಠದಲ್ಲಿ ಸಿಕ್ಕಿಕೊಳ್ಳುತ್ತದೆ. ಬಾಗಿದ ಕೊಳವೆ, ನಡುವೆ ಉಬ್ಬಿದ ತೊಟ್ಟಿ, ಒಳಗೆ ಅಡ್ಡಪಟ್ಟಿಗಳಿರುವ ವಿಮಾನದ ರೆಕ್ಕೆ ಇವೆಲ್ಲ ಗಡಿಗೆಯ ಜಾತಿಗೆ ಸೇರಿದವು.

ಸಿಕ್ಕಿಕೊಂಡ ತಿರುಳು ಎಂದರೆ ಕಳೆದುಹೋದ ಭಾಗ. ಉಷ್ಣದಿಂದ ಗಟ್ಟಿಯಾಗುವ ರಾಳವನ್ನು ಲೋಹದಂತೆ ಮತ್ತೆ ಕರಗಿಸಲು ಬರುವುದಿಲ್ಲ. ಆದ್ದರಿಂದ ತಿರುಳು ಹೇಗೆ ಹೊರಬರುತ್ತದೆ ಎಂಬುದನ್ನು ಮೊದಲ ಪದರ ಹಾಸುವ ಮುನ್ನವೇ ತೀರ್ಮಾನಿಸಬೇಕಾಗುತ್ತದೆ.

ಹಿನ್ನೆಲೆ

ಈ ಉಪಾಯ ಹೊಸದಲ್ಲ. ನೆನೆಸಿದ ಕಾಗದವನ್ನು ಮೆಂತ್ಯದೊಂದಿಗೆ ರುಬ್ಬಿ, ಬೋರಲು ಹಾಕಿದ ಪಾತ್ರೆಯ ಮೇಲೆ ಮೆತ್ತಿ, ಒಣಗಿದ ಮೇಲೆ ಬಿಡಿಸಿಕೊಳ್ಳುವ ಬುಟ್ಟಿಗಳು ಉತ್ತರ ಕರ್ನಾಟಕದ ಮನೆಗಳಿಗೆ ಪರಿಚಿತ. ಕಾಗದದ ನಾರು, ಮೆಂತ್ಯದ ಅಂಟು, ಒಳಗೊಂದು ಪಾತ್ರೆ: ಸಂಯೋಜಿತ ವಸ್ತುವಿನ ಮೂಲತತ್ತ್ವ ಇಷ್ಟೇ. ಕಮಾನು ಕಟ್ಟುವಾಗ ಕೆಳಗೆ ನಿಲ್ಲಿಸಿ, ಗಾರೆ ಬಿಗಿದ ಮೇಲೆ ಬೆಣೆ ಸಡಿಲಿಸಿ ತೆಗೆಯುವ ಮರದ ಆಧಾರವೂ ಇದೇ ಬಗೆಯದು. ಎರಕದ ಕಾರ್ಖಾನೆಗಳಲ್ಲಿ ಮರಳಿನ ಕೋರನ್ನು ಇಟ್ಟು ಲೋಹ ಸುರಿದು, ಆಮೇಲೆ ಮರಳನ್ನು ಒಡೆದು ತೆಗೆಯುತ್ತಾರೆ.

ವಿಧಗಳು

ಎಳೆದು ತೆಗೆಯುವ ಲೋಹದ ತಿರುಳು ಅತ್ಯಂತ ಸರಳವಾದುದು. ನೇರ ಕೊಳವೆಗಳಿಗೆ ನುಣುಪಾದ ಅಲ್ಯೂಮಿನಿಯಂ ಅಥವಾ ಉಕ್ಕಿನ ದಂಡ ಸಾಕು. ಇಲ್ಲಿ ಉಷ್ಣ ವಿಸ್ತರಣೆ ಸಹಾಯಕ್ಕೆ ಬರುತ್ತದೆ. 50 ಮಿಲಿಮೀಟರ್ ವ್ಯಾಸದ ಅಲ್ಯೂಮಿನಿಯಂ ದಂಡವು 100 ಡಿಗ್ರಿ ಸೆಲ್ಸಿಯಸ್‌ನಷ್ಟು ತಣಿದಾಗ ವ್ಯಾಸದಲ್ಲಿ ಸುಮಾರು 0.11 ಮಿಲಿಮೀಟರ್ ಕುಗ್ಗುತ್ತದೆ. ಇಂಗಾಲದ ನಾರಿನ ಕೊಳವೆ ಅಷ್ಟು ಕುಗ್ಗುವುದಿಲ್ಲವಾದ್ದರಿಂದ ನಡುವೆ ಕೂದಲೆಳೆಯಷ್ಟು ಸಂದು ಬಿದ್ದು ದಂಡ ಜಾರಿ ಬರುತ್ತದೆ. ಇದೇ ಗುಣ ಮುಚ್ಚಿದ ಅಚ್ಚಿನೊಳಗೆ ಅಪಾಯವೂ ಆಗಬಹುದು: ಹಿಗ್ಗಿದ ತಿರುಳು ನಾರಿನ ಪದರಗಳನ್ನು ಅತಿಯಾಗಿ ಒತ್ತಿ ರಾಳವನ್ನು ಹಿಂಡಿಬಿಡುತ್ತದೆ. ಸಿಲಿಕೋನ್ ರಬ್ಬರ್ ಅಲ್ಯೂಮಿನಿಯಂಗಿಂತ ಸುಮಾರು ಹತ್ತು ಪಟ್ಟು ಹೆಚ್ಚು ಹಿಗ್ಗುವುದರಿಂದ ಆ ಒತ್ತಡವನ್ನೇ ಬೇಕೆಂದು ಬಳಸುವ ವಿಧಾನವೂ ಇದೆ.

ಹಲವು ತುಂಡುಗಳಾಗಿ ಬಿಚ್ಚುವ ತಿರುಳಿನಲ್ಲಿ ನಡುವಿನ ಬೀಗದ ತುಂಡನ್ನು ಮೊದಲು ಎಳೆದರೆ ಉಳಿದವು ಒಳಕ್ಕೆ ಸಡಿಲಗೊಂಡು ಒಂದೊಂದಾಗಿ ಹೊರಬರುತ್ತವೆ. ಮಾಡಲು ದುಬಾರಿ, ಆದರೆ ಒಂದೇ ಭಾಗವನ್ನು ಅನೇಕ ಬಾರಿ ತಯಾರಿಸುವಲ್ಲಿ ವೆಚ್ಚ ಹಿಂದಿರುಗುತ್ತದೆ. ಬಾಗಿದ ಕೊಳವೆಗಳಿಗೆ ಗಾಳಿ ತುಂಬಿದ ರಬ್ಬರ್ ಚೀಲ ಅನುಕೂಲಕರ. ಇಂಗಾಲದ ನಾರಿನ ಸೈಕಲ್ ಚೌಕಟ್ಟುಗಳನ್ನು ಹೆಚ್ಚಾಗಿ ಹೀಗೆಯೇ ಮಾಡುತ್ತಾರೆ.

ನೀರಿನಲ್ಲಿ ಕರಗುವ ತಿರುಳಿಗೆ ಮರಳನ್ನು ಪಾಲಿವಿನೈಲ್ ಆಲ್ಕೊಹಾಲ್ ದ್ರಾವಣದಲ್ಲಿ ಕಲಸಿ, ಅಚ್ಚಿನಲ್ಲಿ ಒತ್ತಿ ಒಣಗಿಸಲಾಗುತ್ತದೆ. ನಾರು ಸುತ್ತಿ ರಾಳ ಗಟ್ಟಿಯಾದ ಬಳಿಕ ಬಿಸಿನೀರು ಹಾಯಿಸಿದರೆ ಅಂಟು ಬಿಟ್ಟು ಮರಳು ಹರಿದು ಹೋಗುತ್ತದೆ. ತಿರುಳಿನ ಮೇಲ್ಮೈಯನ್ನು ಮುಚ್ಚಿರದಿದ್ದರೆ ರಾಳ ಮರಳಿನೊಳಗೆ ಇಂಗಿ ಒಳಗೋಡೆ ಒರಟಾಗುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ತಿರುಳನ್ನು ಒಡೆದು ತೆಗೆಯಬಹುದು, ಆದರೆ ಅದು ಪೂರ್ತಿ ಒಣಗಿರಬೇಕು. ಉಳಿದ ತೇವ ಕಾಯಿಸುವಾಗ ಆವಿಯಾಗಿ ಪದರಗಳಲ್ಲಿ ಗುಳ್ಳೆ ಎಬ್ಬಿಸುತ್ತದೆ. ಸುಮಾರು 70 ಡಿಗ್ರಿಯಲ್ಲಿ ಕರಗುವ ವುಡ್ಸ್ ಲೋಹವನ್ನು ಮತ್ತೆ ಮತ್ತೆ ಎರಕ ಹೊಯ್ಯಬಹುದಾದರೂ ಅದರಲ್ಲಿ ಸೀಸ ಮತ್ತು ಕ್ಯಾಡ್ಮಿಯಂ ಇರುವುದರಿಂದ ಸಣ್ಣ ಕೆಲಸದ ಕೋಣೆಗೆ ಅದು ತಕ್ಕುದಲ್ಲ.

ಥರ್ಮೋಕೋಲ್ ಅಗ್ಗ, ಕೊರೆಯಲು ಸುಲಭ, ಆದ್ದರಿಂದ ಕಲಿಯುವವರು ಮೊದಲು ಕೈಹಾಕುವುದು ಅದಕ್ಕೇ. ಸಾಮಾನ್ಯ ತಪ್ಪೂ ಅಲ್ಲೇ ಆಗುತ್ತದೆ. ಪಾಲಿಯೆಸ್ಟರ್ ರಾಳದಲ್ಲಿರುವ ಸ್ಟೈರೀನ್ ಥರ್ಮೋಕೋಲನ್ನು ಕರಗಿಸುತ್ತದೆ. ರಾಳ ಗಟ್ಟಿಯಾಗುವ ಮೊದಲೇ ತಿರುಳು ಕುಸಿಯುತ್ತದೆ. ಎಪಾಕ್ಸಿ ರಾಳಕ್ಕೆ ಈ ದೋಷವಿಲ್ಲ. ಪಾಲಿಯೆಸ್ಟರನ್ನೇ ಬಳಸಬೇಕಾದರೆ ತಿರುಳಿಗೆ ಮೊದಲು ಅಂಟುಪಟ್ಟಿ ಸುತ್ತಬೇಕು ಅಥವಾ ಎಪಾಕ್ಸಿ ಬಳಿಯಬೇಕು. ಕೊನೆಗೆ ಅಸಿಟೋನ್ ಸುರಿದರೆ ಥರ್ಮೋಕೋಲ್ ಕುಗ್ಗಿ ಜಿಗುಟಾದ ಮುದ್ದೆಯಾಗುತ್ತದೆ, ಮಾಯವಾಗುವುದಿಲ್ಲ. ಅದನ್ನು ಕೆರೆದು ತೆಗೆಯಬೇಕು. ಅಸಿಟೋನ್ ಬೇಗ ಹೊತ್ತಿಕೊಳ್ಳುವ ದ್ರವ. ಬಹಳ ಹೊತ್ತು ಬಿಟ್ಟರೆ ಗಟ್ಟಿಯಾದ ಪಾಲಿಯೆಸ್ಟರನ್ನೂ ಮೆದುಗೊಳಿಸುತ್ತದೆ.

ಹವೆಯ ಪರಿಣಾಮ

ಪಠ್ಯಪುಸ್ತಕಗಳು ಕೊಡುವ ಅಂಕಿಗಳು ಸಾಮಾನ್ಯವಾಗಿ 25 ಡಿಗ್ರಿಯ ಕೋಣೆಗೆ ಸಂಬಂಧಿಸಿದವು. ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಪ್ರದೇಶದಲ್ಲಿ ಬೇಸಗೆಯ ಹಗಲು 40 ಡಿಗ್ರಿ ದಾಟುತ್ತದೆ. ತಗಡಿನ ಚಾವಣಿಯ ಕೆಳಗೆ ಇನ್ನೂ ಹೆಚ್ಚು. ಉಷ್ಣತೆ 10 ಡಿಗ್ರಿ ಏರಿದರೆ ರಾಳ ಬಿಗಿಯುವ ಅವಧಿ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಸ್ಥೂಲ ಲೆಕ್ಕ. ಆ ಪ್ರಕಾರ 25 ಡಿಗ್ರಿಯಲ್ಲಿ 30 ನಿಮಿಷ ಸಿಗುವ ಮಿಶ್ರಣ 45 ಡಿಗ್ರಿಯಲ್ಲಿ ಏಳೆಂಟು ನಿಮಿಷ ಮಾತ್ರ ದೊರೆಯುತ್ತದೆ. ಗಡಿಗೆಯಾಕಾರದ ತಿರುಳಿನ ಸುತ್ತ ನಾರು ಹೊದಿಸಿ ಗಾಳಿ ಹೊರಗೊತ್ತಲು ಅಷ್ಟು ಸಮಯ ಸಾಲದು.

ಮೇಣದ ತಿರುಳಿಗೆ ತೊಂದರೆ ಇನ್ನೂ ಹೆಚ್ಚು. ಪ್ಯಾರಾಫಿನ್ ಮೇಣ ಕರಗುವುದು ಸುಮಾರು 50ರಿಂದ 65 ಡಿಗ್ರಿಯ ನಡುವೆ, ಆದರೆ ಅದಕ್ಕಿಂತ ಬಹಳ ಕೆಳಗೇ ಮೆತ್ತಗಾಗುತ್ತದೆ. ರಾಳ ಗಟ್ಟಿಯಾಗುವಾಗ ತಾನೇ ಬಿಸಿ ಹೊರಬಿಡುತ್ತದೆ. ದಪ್ಪ ಪದರದಲ್ಲಿ ಅದು 100 ಡಿಗ್ರಿಯನ್ನೂ ಮುಟ್ಟಬಹುದು. ಬೆಳಗಿನ ತಂಪಿನಲ್ಲಿ ಕೆಲಸ ಮಾಡುವುದು, ಒಮ್ಮೆಗೆ ತೆಳುವಾದ ಒಂದೆರಡು ಪದರ ಮಾತ್ರ ಹಾಸುವುದು, ಗಟ್ಟಿಕಾರಕವನ್ನು ತಯಾರಕರು ಸೂಚಿಸಿದ ಮಿತಿಯೊಳಗೇ ಕಡಿಮೆ ಮಾಡುವುದು ಇದಕ್ಕೆ ಪರಿಹಾರ. ಗಟ್ಟಿಕಾರಕವನ್ನು ಕಡಿತಗೊಳಿಸುವುದು ಪಾಲಿಯೆಸ್ಟರಿಗೆ ಮಾತ್ರ ಸಲ್ಲುತ್ತದೆ. ಎಪಾಕ್ಸಿಯಲ್ಲಿ ಅನುಪಾತ ಬದಲಿಸಿದರೆ ಭಾಗ ಎಂದಿಗೂ ಪೂರ್ತಿ ಗಟ್ಟಿಯಾಗದು. ಅಲ್ಲಿ ನಿಧಾನಗತಿಯ ಗಟ್ಟಿಕಾರಕವನ್ನೇ ಆರಿಸಬೇಕು. ಮಳೆಗಾಲದಲ್ಲಿ ಲೆಕ್ಕ ತಿರುಗುಮುರುಗಾಗಿ, ನೀರಿನಲ್ಲಿ ಕರಗುವ ತಿರುಳುಗಳು ಗಾಳಿಯ ತೇವ ಹೀರಿ ಮೆತ್ತಗಾಗುತ್ತವೆ.

ವಿಮಾನ ತಯಾರಿಕೆಯಲ್ಲಿ

ಕರ್ನಾಟಕದಲ್ಲಿ ಸಂಯೋಜಿತ ವಸ್ತುಗಳ ಕೆಲಸ ಹೆಚ್ಚು ಬೆಳೆದಿರುವುದು ಬೆಂಗಳೂರಿನಲ್ಲಿ. ಅಲ್ಲಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿದ ಹಂಸ ಲಘುವಿಮಾನ 1993ರಲ್ಲಿ ಮೊದಲ ಬಾರಿ ಹಾರಿತು. ಅದರ ಒಡಲು ಸಂಯೋಜಿತ ವಸ್ತುವಿನದು. 2001ರ ಜನವರಿ 4ರಂದು ಮೊದಲ ಹಾರಾಟ ನಡೆಸಿದ ತೇಜಸ್ ಯುದ್ಧವಿಮಾನದ ಕವಚ ಮತ್ತು ಚೌಕಟ್ಟಿನ ತೂಕದಲ್ಲಿ ಸುಮಾರು 45 ಶೇಕಡಾ ಇಂಥ ವಸ್ತುವೇ. ಈ ಪ್ರಯೋಗಾಲಯವು ಬೆಳೆಸಿದ ಸಹ-ಗಟ್ಟಿಸುವಿಕೆಯ ವಿಧಾನದಲ್ಲಿ ಹೊರಹಾಳೆ ಮತ್ತು ಒಳಪಟ್ಟಿಗಳನ್ನು ಬೇರೆ ಬೇರೆ ಮಾಡಿ ರಿವೆಟ್ ಹೊಡೆಯುವ ಬದಲು ಒಟ್ಟಿಗೇ ಗಟ್ಟಿಗೊಳಿಸಲಾಗುತ್ತದೆ. ಸಾವಿರಾರು ರಂಧ್ರಗಳೂ ಅವುಗಳಲ್ಲಿ ಕೂರುವ ರಿವೆಟ್‌ಗಳ ತೂಕವೂ ತಪ್ಪುತ್ತವೆ. ಇಂಥ ರಚನೆಯಲ್ಲಿ ಪಟ್ಟಿಗಳ ನಡುವಿನ ಪ್ರತಿ ಖಾಲಿ ಜಾಗವನ್ನೂ ಗಟ್ಟಿಯಾಗುವವರೆಗೆ ಯಾವುದಾದರೂ ತಿರುಳು ಆಧರಿಸಿ ಹಿಡಿದಿರಬೇಕು, ಆಮೇಲೆ ಕಿರಿದಾದ ತುದಿಯಿಂದ ಹೊರಬರಬೇಕು.