ಬೆಂಗ್ರೆಯ ಮರಳುದಿಣ್ಣೆಯೂ ಮಂಗಳೂರಿನ ಅಳಿವೆಯೂ

ಮಂಗಳೂರಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅರಸುಮನೆತನಗಳನ್ನೂ ಕೋಟೆಗಳನ್ನೂ ವ್ಯಾಪಾರವನ್ನೂ ಕುರಿತು ವಿಚಾರ ಮಾಡುತ್ತಾರೆ. ಇವೆಲ್ಲಕ್ಕೂ ಬಾಗಿಲಾಗಿದ್ದುದು ಅಳಿವೆ. ಆ ಬಾಗಿಲನ್ನು ಒಮ್ಮೆ ಕಾಯುತ್ತ, ಒಮ್ಮೆ ಮುಚ್ಚುತ್ತ ಬಂದಿರುವುದು ಬೆಂಗ್ರೆಯೆಂಬ ಮರಳುದಿಣ್ಣೆ. ಅದರ ಸ್ವರೂಪವನ್ನೂ ಬಂದರಿನ ಚರಿತ್ರೆಯಲ್ಲಿ ಅದಕ್ಕಿರುವ ಸ್ಥಾನವನ್ನೂ ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಫಲ್ಗುಣಿ ಎಂಬ ಹೆಸರೂ ಇರುವ ಗುರುಪುರ ನದಿಯು ಪೂರ್ವದಿಂದ ಹರಿದು ಬಂದು, ಸಮುದ್ರ ಸಮೀಪಿಸಿದೊಡನೆ ನೇರವಾಗಿ ಅದನ್ನು ಸೇರದೆ ದಕ್ಷಿಣಕ್ಕೆ ತಿರುಗಿ, ಕಿನಾರೆಗೆ ಸಮಾನಾಂತರವಾಗಿ ಸಾಗುತ್ತದೆ. ನದಿಗೂ ಕಡಲಿಗೂ ನಡುವೆ ತಣ್ಣೀರುಬಾವಿಯಿಂದ ಅಳಿವೆಯವರೆಗೆ ಚಾಚಿಕೊಂಡಿರುವ ಕಿರಿದಾದ ನೆಲವೇ ಬೆಂಗ್ರೆ. ನಗರದ ದಕ್ಷಿಣ ಮಗ್ಗುಲಿನಿಂದ ಬರುವ ನೇತ್ರಾವತಿಯು ಅಳಿವೆಯ ಒಳಗೆ ಇದರೊಡನೆ ಕೂಡುತ್ತದೆ. ಎದುರು ದಿಕ್ಕಿನಲ್ಲಿ ಉಳ್ಳಾಲದ ಕೋಟೆಪುರದ ಮರಳುನೆಲವು ಉತ್ತರಾಭಿಮುಖವಾಗಿ ಚಾಚಿದೆ. ಈ ಎರಡು ತುದಿಗಳ ನಡುವಣ ತೆರಪೇ ಅಳಿವೆಬಾಗಿಲು. ಇಂತಹ ರಚನೆ ಮಂಗಳೂರಿಗೆ ಮಾತ್ರ ಸೀಮಿತವಲ್ಲ. ಉಡುಪಿಯ ಬಳಿ ಸ್ವರ್ಣಾ ಮತ್ತು ಸೀತಾ ನದಿಗಳ ಮುಖದಲ್ಲಿರುವ ಕೋಡಿಬೆಂಗ್ರೆಯೂ ಇದೇ ಬಗೆಯದು.

ಭೂಗೋಳಶಾಸ್ತ್ರಜ್ಞರು ‘ಸ್ಪಿಟ್’ ಎಂದು ಕರೆಯುವ ಇಂತಹ ದಿಣ್ಣೆಗಳು ನದಿ ಮತ್ತು ಅಲೆಗಳ ಪೈಪೋಟಿಯಿಂದ ಹುಟ್ಟುತ್ತವೆ. ನದಿಯು ಘಟ್ಟದಿಂದ ಮರಳನ್ನು ತಂದು ಕಡಲಿಗೆ ಸುರಿಯುತ್ತದೆ. ಓರೆಯಾಗಿ ಬಂದು ಬಡಿಯುವ ಅಲೆಗಳು ಆ ಮರಳನ್ನು ದಡದುದ್ದಕ್ಕೂ ಸಾಗಿಸಿ ನದೀಮುಖದಲ್ಲಿ ಒಟ್ಟುತ್ತವೆ. ದಿಣ್ಣೆ ಬೆಳೆದಂತೆಲ್ಲ ನದಿಯು ಪಕ್ಕಕ್ಕೆ ಸರಿಯಬೇಕಾಗುತ್ತದೆ. ಆದರೆ ಮಳೆಗಾಲದ ಮಹಾಪೂರಕ್ಕೆ ಸುತ್ತು ದಾರಿ ಸಾಲದಾದಾಗ, ಅದು ದಿಣ್ಣೆಯನ್ನೇ ಸೀಳಿಕೊಂಡು ಹೊಸ ಬಾಯಿ ತೆರೆಯುವುದುಂಟು. ಆಗ ಪ್ರವಾಹ ಎರಡಾಗಿ ಹಂಚಿಹೋಗುವುದರಿಂದ, ಮರಳನ್ನು ಹೊರದೂಡುವ ಶಕ್ತಿ ಎರಡು ಬಾಯಿಗಳಲ್ಲಿಯೂ ಕುಂದುತ್ತದೆ.

ಈ ಸಂಗತಿಯನ್ನು ನೆನಪಿನಲ್ಲಿಟ್ಟು ಪ್ರವಾಸಿಗಳ ಬರಹಗಳನ್ನು ನೋಡಿದರೆ ಅವುಗಳ ಅರ್ಥ ಸ್ಪಷ್ಟವಾಗುತ್ತದೆ. 1342ರ ಸುಮಾರಿಗೆ ಬಂದ ಇಬ್ನ್ ಬತೂತನು ಇಲ್ಲಿಯ ಹಿನ್ನೀರನ್ನು ಮಲಬಾರಿನಲ್ಲಿಯೇ ಅತಿ ದೊಡ್ಡದೆಂದು ಹೇಳಿ, ಪಾರಸಿಕ ಮತ್ತು ಯೆಮೆನ್ ದೇಶಗಳ ವರ್ತಕರು ಇಲ್ಲಿ ಬಂದಿಳಿಯುತ್ತಿದ್ದುದನ್ನು ದಾಖಲಿಸಿದ್ದಾನೆ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆಯು ಉತ್ತರದ ಒಂದು ನದಿಯೂ ದಕ್ಷಿಣದ ಒಂದು ನದಿಯೂ ಕಡಲನ್ನು ಸೇರುವ ಮೊದಲೇ ಕೂಡಿ ದುಂಡಗಿನ ವಿಶಾಲ ಕೊಲ್ಲಿಯಾಗಿದ್ದುದನ್ನು ವರ್ಣಿಸಿದ್ದಾನೆ. ಪೋರ್ಚುಗೀಸರ ಕೋಟೆಯು ಆ ಅಳಿವೆಗೆ ಎದುರಾಗಿಯೇ ಇತ್ತು.

ಒಳಹೊಕ್ಕ ಹಡಗು ಉತ್ತರಕ್ಕೆ ಸಾಗಬೇಕಾದರೆ ಬೆಂಗ್ರೆಯ ಹಿಂದಿನ ನದೀಮಾರ್ಗವೇ ಗತಿ. ಟಿಪ್ಪು ಸುಲ್ತಾನನು 1784ರಲ್ಲಿ ಬೋಳೂರಿನ ನದೀದಡದ ಮೇಲೆ ಕಾವಲುಗೋಪುರವನ್ನು ಕಟ್ಟಿಸಿದುದರ ಔಚಿತ್ಯ ಇದರಿಂದ ತಿಳಿಯುತ್ತದೆ. ಕಡಲ ಕಡೆಯಲ್ಲಿ ಮರಳೇ ಗೋಡೆಯಾಗಿದ್ದುದರಿಂದ ಗೋಪುರವು ನದಿಯನ್ನು ಮಾತ್ರ ಕಾದರೆ ಸಾಕಾಗಿತ್ತು. ಆದರೆ ಆ ಗೋಡೆ ಶಾಶ್ವತವಾದುದಲ್ಲ. 1801ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ನನು, ಮರಳದಂಡೆಯಲ್ಲಿ ಹೊಸದೊಂದು ಬಾಯಿ ತೆರೆದು, ಹಳೆಯದರ ಆಳ ಕುಗ್ಗಿ, ಬಂದರಿಗೆ ಹಾನಿಯಾಗಿದ್ದುದನ್ನು ಬರೆದಿದ್ದಾನೆ. ಮೇಲೆ ಹೇಳಿದ ಪ್ರಕೃತಿನಿಯಮಕ್ಕೆ ಇದಕ್ಕಿಂತ ಉತ್ತಮವಾದ ಸಾಕ್ಷ್ಯ ದೊರೆಯಲಾರದು.

ಮುಂದೆ ಹಂಚು, ಕಾಫಿ, ಮೆಣಸುಗಳ ವ್ಯಾಪಾರ ಬೆಳೆದರೂ ದೊಡ್ಡ ಹಡಗುಗಳು ಹೊರಗಡಲಲ್ಲಿಯೇ ಲಂಗರು ಹಾಕುತ್ತಿದ್ದುವು. ಸರಕನ್ನು ದೋಣಿಗಳಲ್ಲಿ ಸಾಗಿಸಬೇಕಾಗುತ್ತಿತ್ತು. ಆದುದರಿಂದಲೇ ಸ್ವಾತಂತ್ರ್ಯಾನಂತರ ಸರ್ವಋತು ಬಂದರನ್ನು ಅಳಿವೆಯಲ್ಲಿ ಕಟ್ಟದೆ, ಉತ್ತರದ ಪಣಂಬೂರಿನಲ್ಲಿ ನೆಲವನ್ನು ಅಗೆದು ನಿರ್ಮಿಸಲಾಯಿತು. 1962ರಲ್ಲಿ ಆರಂಭವಾದ ಆ ಕೆಲಸದ ಫಲವಾಗಿ 1974ರ ಮೇ 4ರಂದು ನವಮಂಗಳೂರು ಬಂದರು ಪ್ರಧಾನ ಬಂದರೆಂದು ಘೋಷಿತವಾಯಿತು. ಹಳೆಯ ಬಂದರು ಮೀನುಗಾರಿಕೆಗೂ ಸಣ್ಣ ಹಡಗುಗಳಿಗೂ ಆಶ್ರಯವಾಗಿ ಉಳಿಯಿತು.

ಮೀನುಗಾರಿಕೆಯ ದೋಣಿಗಳಿಗಾಗಿ ಅಳಿವೆಬಾಗಿಲನ್ನು ಸ್ಥಿರಗೊಳಿಸಲು ಎರಡು ಬದಿಗಳಲ್ಲಿಯೂ ಕಲ್ಲಿನ ಅಲೆತಡೆಗೋಡೆಗಳನ್ನು ಕಟ್ಟಲಾಯಿತು. ಆದರೆ ಮರಳಿನ ಸಂಚಾರವನ್ನು ಒಂದೆಡೆ ತಡೆದರೆ ಇನ್ನೊಂದೆಡೆ ಅದರ ಕೊರತೆ ಕಾಣುವುದು ಸಹಜ. ದಕ್ಷಿಣದ ಉಳ್ಳಾಲದಲ್ಲಿ ಮೊಗವೀರಪಟ್ಣ, ಮುಕ್ಕಚ್ಚೇರಿ ಮುಂತಾದೆಡೆ ಕಡಲ್ಕೊರೆತದಿಂದ ಮನೆಗಳು ನೀರುಪಾಲಾಗಿವೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಅಲ್ಲಿ ನೀರಿನೊಳಗೆ ಕೃತಕ ದಿಬ್ಬಗಳನ್ನು ರಚಿಸಬೇಕಾಯಿತು.

ಕಸ್ಬಾ ಬೆಂಗ್ರೆ ಮತ್ತು ತೋಟ ಬೆಂಗ್ರೆಗಳಲ್ಲಿ ಮುಸಲ್ಮಾನರೂ ಮೊಗವೀರರೂ ಕಡಲನ್ನೇ ನಂಬಿ ಬಾಳುತ್ತಿದ್ದಾರೆ. ಬಂದರಿಗೆ ದೋಣಿಯಲ್ಲಿ ದಾಟಿ ಬರುವುದು ಅವರ ನಿತ್ಯದ ರೂಢಿ. ಅವರ ಕಾಲ ಕೆಳಗಿನ ನೆಲ ನದಿ ಕೊಟ್ಟದ್ದು, ಅಲೆ ಇಟ್ಟದ್ದು. ಹೊಳೆಯ ಮರಳನ್ನು ತೆಗೆಯುವಾಗಲಾಗಲಿ, ದಡದಲ್ಲಿ ಕಲ್ಲು ಒಟ್ಟುವಾಗಲಾಗಲಿ ಅಳಿವೆಯ ಎರಡು ದಡಗಳನ್ನೂ ಒಂದಾಗಿ ಪರಿಗಣಿಸಬೇಕೆಂಬುದೇ ಈ ಚರಿತ್ರೆಯಿಂದ ನಾವು ಗ್ರಹಿಸಬೇಕಾದ ವಿಷಯವಾಗಿದೆ.